ಕಥೆ ತಾತನ ಲೆಡ್ಜರು

ಗಟ್ಟಿಯಾಗಿ ಓದುವುದು ನನಗೆ ಹೊಟ್ಟೆಪಾಡಿನ ವಿದ್ಯೆ. ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನಲ್ಲಿ ದುಡಿದ ನನ್ನ ವಾರಿಗೆಯವರಿಗೆ ಇದು ಗೊತ್ತಿರುತ್ತದೆ. ದಿನದ ವಹಿವಾಟು ಮುಗಿದ ಮೇಲೆ ಒಬ್ಬ ಗುಮಾಸ್ತ ವೋಚರುಗಳ ಕಟ್ಟು ಹಿಡಿದುಕೊಂಡು ಖಾತೆ ನಂಬರು, ಹೆಸರು, ಮೊತ್ತ ಎಂದು ಕೂಗುತ್ತಾ ಹೋಗಬೇಕು. ಇನ್ನೊಬ್ಬ ಲೆಡ್ಜರಿನಲ್ಲಿ ಬೆರಳಿಟ್ಟು ನೋಡಿ ಟಿಕ್ ಹಾಕುತ್ತಾ ಬರಬೇಕು. ಮಧ್ಯಾಹ್ನದ ಊಟವಾಗಿ, ಮೇಲೆ ಫ್ಯಾನು ತಿರುಗುತ್ತಿದ್ದರೆ ಕೇಳುವವನಿಗೆ ಜೊಂಪು ಹತ್ತುವುದು ಸಹಜ. ಆಗ ಓದುವವನು ದನಿ ಏರಿಸಬೇಕು, ಇಳಿಸಬೇಕು, ಒಂದು ಹೆಸರನ್ನು ಎಳೆದು ಹೇಳಬೇಕು. ಮೂವತ್ತು ಚಿಲ್ಲರೆ ವರ್ಷ ಹಾಗೆ ಕೂಗಿದ ಗಂಟಲು ಇದು.

ನನಗೀಗ 74. ಬಿ.ಕಾಂ. ಓದಿದವನು, ಹೊಸಪೇಟೆಯವನು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ಇದೇ ಗಂಟಲನ್ನು ತೆಗೆದುಕೊಂಡು ನಮ್ಮ ಓಣಿಯ ಅಂಗನವಾಡಿಗೆ ಹೋಗುತ್ತೇನೆ. ಅಲ್ಲಿ 3 ರಿಂದ 6 ವರ್ಷದ ಇಪ್ಪತ್ತೆರಡು ಮಕ್ಕಳು ಚಾಪೆಯ ಮೇಲೆ ಕೂತಿರುತ್ತವೆ. ನಾನು ಕಥೆ ಪುಸ್ತಕ ಓದುತ್ತೇನೆ, ಅವು ಕೇಳುತ್ತವೆ. ಇಷ್ಟೇ ಕೆಲಸ. ಸಂಬಳವಿಲ್ಲ, ಬಡ್ತಿಯಿಲ್ಲ, ಬೇರೆ ಊರಿಗೆ ವರ್ಗವಾಗುವ ಭಯವಿಲ್ಲ.

ಶುರುವಾದದ್ದು ಮೊಮ್ಮಗನಿಂದ. ಅವನಿರುವುದು ಅಮೆರಿಕದಲ್ಲಿ. ಆರು ತಿಂಗಳ ಕೂಸಾಗಿದ್ದಾಗ ತಪಾಸಣೆಗೆ ಕರೆದುಕೊಂಡು ಹೋದರೆ ಡಾಕ್ಟರು ಅವನ ಕೈಗೆ ಒಂದು ರಟ್ಟಿನ ಪುಸ್ತಕ ಕೊಟ್ಟು, ‘ದಿನಾ ಇದನ್ನು ಓದಿ ಹೇಳಿ’ ಎಂದು ನನ್ನ ಮಗಳಿಗೆ ಹೇಳಿದರಂತೆ. ಔಷಧಿ ಚೀಟಿ ಕೊಡುವವರು ಪುಸ್ತಕ ಯಾಕೆ ಕೊಟ್ಟರು ಎಂದು ನನಗೆ ಆಶ್ಚರ್ಯ. ವಿಚಾರಿಸಿದರೆ, 1989ರಲ್ಲಿ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಮಕ್ಕಳ ಡಾಕ್ಟರುಗಳು ಶುರು ಮಾಡಿದ ಪದ್ಧತಿಯಂತೆ ಅದು. ‘ರೀಚ್ ಔಟ್ ಅಂಡ್ ರೀಡ್’ ಎಂದು ಹೆಸರು. ತೂಕ, ಎತ್ತರ ನೋಡಿದ ಹಾಗೆಯೇ ಮನೆಯಲ್ಲಿ ಮಗುವಿಗೆ ಯಾರಾದರೂ ಓದಿ ಹೇಳುತ್ತಾರೋ ಇಲ್ಲವೋ ಎಂಬುದನ್ನೂ ಕೇಳುತ್ತಾರೆ. ಸರಿ, ಅಜ್ಜನಾಗಿ ನನ್ನ ಪಾಲಿನದನ್ನು ನಾನೂ ಮಾಡೋಣವೆಂದು ಫೋನಿನಲ್ಲಿ ವಿಡಿಯೊ ಹಚ್ಚಿ ಅವನಿಗೆ ಕನ್ನಡ ಕಥೆ ಓದತೊಡಗಿದೆ. ಇಲ್ಲಿ ಬೆಳಗು, ಅಲ್ಲಿ ರಾತ್ರಿ. ಹುಲಿ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ನೆಟ್ವರ್ಕ್ ಹೋಗುತ್ತಿತ್ತು. ನಾನು ಬಾಯಿ ತೆರೆದುಕೊಂಡು ಹಾಗೇ ಕೂತಿರುತ್ತಿದ್ದೆ.

ಇದನ್ನು ನೋಡಿ ನೋಡಿ ಒಂದು ದಿನ ನಮ್ಮ ಮನೆಯವರು ಅಡುಗೆಮನೆಯಿಂದಲೇ ಅಂದರು: “ಏಳು ಸಮುದ್ರದ ಆಚೆ ಇರೋನಿಗೆ ಹುಲಿ ಆಗಿ ತೋರಿಸ್ತೀರಿ. ಗೋಡೆ ಆಚೆ ಇರೋ ಹುಡುಗ್ರು ಏನು ಪಾಪ ಮಾಡ್ಯಾವ?”

ನಮ್ಮ ಕಾಂಪೌಂಡ್ ಗೋಡೆಯ ಆಚೆಯೇ ಅಂಗನವಾಡಿ. ಅದರ ಹಿಂದೆ ಬಸವಣ್ಣ ಕಾಲುವೆ, ವಿಜಯನಗರದ ಅರಸರ ಕಾಲದ್ದು, ಇವತ್ತಿಗೂ ಗದ್ದೆ ತೋಟಗಳಿಗೆ ನೀರು ಹರಿಸುತ್ತದೆ.

ಮಕ್ಕಳೇ, ನೀವು ಅಂಗನವಾಡಿ ದಾಟಿ ಶಾಲೆಗೆ ಹೋದವರು, ಆ ಹೆಸರಿನ ಅರ್ಥ ಕೇಳಿದ್ದೀರಾ? ‘ಅಂಗನ’ ಎಂದರೆ ಅಂಗಳ. ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರಿದ್ದರು. ಮಗ ಹುಟ್ಟಿದ ಮೇಲೆ ಚಿಕ್ಕ ಮಕ್ಕಳಿಗೆ ಹೇಗೆ ಕಲಿಸಬೇಕು ಎಂದು ಯೋಚಿಸುತ್ತಾ ಕೊನೆಗೆ ವಕೀಲಿಯನ್ನೇ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಬೆತ್ತವಿಲ್ಲದ ಆ ಶಾಲೆಯಲ್ಲಿ ಕಥೆಗೆ ದೊಡ್ಡ ಜಾಗ. ದಪ್ಪ ಮೀಸೆಯ ಈ ಮನುಷ್ಯನನ್ನು ಮಕ್ಕಳು ‘ಮೀಸೆಯ ಅಮ್ಮ’ ಎಂದು ಕರೆಯುತ್ತಿದ್ದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸ್ಬಾಡ್ ಕಡೆ ಹೋಗಿ, ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಆದಿವಾಸಿ ಹಾಡಿಗಳಲ್ಲಿ ಪಾಠ ಶುರು ಮಾಡಿದರು. 1975ರ ಅಕ್ಟೋಬರ್ 2ರಂದು ಸರ್ಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಅಂಗನವಾಡಿ ಎಂಬ ಹೆಸರು ಊರೂರಿಗೆ ಬಂತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಆಗ ನಾನು 24ರ ಹುಡುಗ, ಬ್ಯಾಂಕಿನಲ್ಲಿ ವೋಚರ್ ಕೂಗುತ್ತಿದ್ದೆ. ನನಗೂ ಮೀಸೆ ಇತ್ತು. ಈಗಲೂ ಇದೆ, ಬಿಳಿಯದು.

ಅಂಗನವಾಡಿ ಟೀಚರ್‌ಗೆ ಕಥೆ ಓದಲು ಬಾರದು ಎಂದಲ್ಲ. ನನಗಿಂತ ಚೆನ್ನಾಗಿ ಓದುತ್ತಾರೆ. ಆದರೆ ಅವರ ಟೇಬಲ್ಲಿನ ಮೇಲಿರುವ ರಿಜಿಸ್ಟರುಗಳನ್ನು ನೋಡಿದರೆ ಹಳೆಯ ಗುಮಾಸ್ತನಾದ ನನಗೇ ಎದೆ ಧಸಕ್ಕೆನ್ನುತ್ತದೆ. ಮಕ್ಕಳ ತೂಕ ಬರೆಯಬೇಕು, ಗರ್ಭಿಣಿಯರ, ಬಾಣಂತಿಯರ ಲೆಕ್ಕ ಇಡಬೇಕು, ಮೊಟ್ಟೆ, ಹಾಲಿನ ಪುಡಿ ಎಣಿಸಬೇಕು, ಇಷ್ಟನ್ನೂ ಮತ್ತೆ ಮೊಬೈಲಿನ ಪೋಷಣ್ ಟ್ರ್ಯಾಕರಿಗೆ ಹಾಕಬೇಕು. ಅದಕ್ಕೇ ನಾವು ಐದು ಜನ ಹಂಚಿಕೊಂಡಿದ್ದೇವೆ. ನಿವೃತ್ತ ಶಾಲಾ ಮಾಸ್ತರಮ್ಮ ಒಬ್ಬರು, ಒಬ್ಬ ಟೈಲರ್, ಒಬ್ಬ ಆಟೊ ಡ್ರೈವರ್, ಒಬ್ಬಳು ಕಾಲೇಜು ಹುಡುಗಿ, ಮತ್ತೆ ನಾನು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಕೊಟ್ಟು, ಒಪ್ಪಿಗೆ ತೆಗೆದುಕೊಂಡೇ ಒಳಗೆ ಕಾಲಿಟ್ಟೆವು. ಮಕ್ಕಳ ಫೋಟೊ ತೆಗೆಯುವುದಿಲ್ಲ, ಚಾಕೊಲೇಟ್ ಹಂಚುವುದಿಲ್ಲ, ಟೀಚರ್ ಇಲ್ಲದ ಹೊತ್ತಿನಲ್ಲಿ ಹೋಗುವುದಿಲ್ಲ. ನಾವು ವಾರಕ್ಕೆ ಒಂದೆರಡು ಗಂಟೆ ಬಂದು ಹೋಗುವವರು. ದಿನವಿಡೀ ಮೂಗು ಒರೆಸಿ, ಊಟ ಮಾಡಿಸಿ, ಮಲಗಿಸುವವರು ಟೀಚರ್ ಮತ್ತು ಆಯಮ್ಮ. ಈ ವ್ಯತ್ಯಾಸವನ್ನು ಸ್ವಯಂಸೇವಕರು ಮರೆಯಬಾರದು ಎಂಬುದು ನನ್ನ ಅಭಿಪ್ರಾಯ. ಕೆಲವರು ಮರೆತು ಭಾಷಣ ಮಾಡುವುದನ್ನು ನೋಡಿದ್ದೇನೆ.

ಪುಸ್ತಕದ ದಾರಿ ತೋರಿಸಿದವಳು ಕಾಲೇಜು ಹುಡುಗಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2012ರಿಂದ ಸಾಕ್ಷರತಾ ದಿನವಾದ ಸೆಪ್ಟೆಂಬರ್ 8ರ ಸುಮಾರಿಗೆ ‘ಒನ್ ಡೇ ಒನ್ ಸ್ಟೋರಿ’ ನಡೆಸುತ್ತದೆ. ದೇಶದ ಬೇರೆ ಬೇರೆ ಕಡೆ ಸ್ವಯಂಸೇವಕರು ಒಂದೇ ಕಥೆಯನ್ನು ತಮ್ಮ ತಮ್ಮ ಭಾಷೆಯಲ್ಲಿ ಮಕ್ಕಳಿಗೆ ಓದುತ್ತಾರೆ. ನಮ್ಮ ಓಣಿಯಲ್ಲಿ ಆ ಒಂದು ದಿನ ಬೆಳೆದು ವಾರಕ್ಕೆ ಐದು ದಿನವಾಯಿತು. ಅದೇ ಸಂಸ್ಥೆಯ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಅವನ್ನು ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಟೈಲರ್ ತನ್ನ ಮಿಶಿನ್ನಿನಲ್ಲೇ ಹೊಲಿದುಕೊಡುತ್ತಾನೆ. ಪ್ಯಾಂಟಿನ ದಾರದಲ್ಲಿ ಹೊಲಿದ ಪುಸ್ತಕ ಮೂರು ವರ್ಷದ ಮಗು ಎಳೆದರೂ ಬಿಚ್ಚುವುದಿಲ್ಲ.

ಓದುವ ಕ್ರಮ ಹೇಳಿಕೊಟ್ಟವರು ಮಾಸ್ತರಮ್ಮ. ಪುಸ್ತಕವನ್ನು ಮುಖದ ಮುಂದೆ ಹಿಡಿಯಬಾರದು, ಕೆನ್ನೆಯ ಪಕ್ಕ ಹಿಡಿಯಬೇಕು. ಆಗ ಚಿತ್ರವೂ ಕಾಣುತ್ತದೆ, ಓದುವವನ ಬಾಯಿಯೂ ಕಾಣುತ್ತದೆ. ಪುಟ ತಿರುವುವ ಮುಂಚೆ ಎರಡು ಉಸಿರು ನಿಲ್ಲಬೇಕು. ಮುಂದೇನು ಎಂದು ಮಕ್ಕಳೇ ಹೇಳುತ್ತವೆ. ಕಥೆ ಮುಗಿದ ಮೇಲೆ “ಇದರ ನೀತಿ ಏನು?” ಎಂದು ಕೇಳಲೇಬಾರದು. “ಪಾಯಸ ಬಡಿಸಿ ರಸೀದಿ ಕೇಳಿದಂಗೆ ಆಗ್ತದ್ರಿ ಅದು” ಎಂದರು. ರಸೀದಿಯಲ್ಲೇ ಬಾಳು ಸವೆಸಿದ ನನಗೆ ಆ ಮಾತು ಚುರುಕ್ಕೆಂದರೂ ಒಪ್ಪಿಕೊಂಡೆ.

ಆದರೂ ಗುಮಾಸ್ತನ ಚಟ ಹೋಗುವುದಿಲ್ಲ. ಒಂದು ಉದ್ದನೆಯ ರಿಜಿಸ್ಟರಿಗೆ ಗೆರೆ ಹೊಡೆದು ಲೆಡ್ಜರ್ ಮಾಡಿದ್ದೇನೆ: ತಾರೀಖು, ಪುಸ್ತಕ, ಎಷ್ಟನೇ ಸಲ, ಷರಾ. ಒಂದು ಇಲಿಯ ಪುಸ್ತಕವನ್ನು 41 ಸಲ ಓದಿದ್ದೇನೆ. ದೊಡ್ಡವರಿಗೆ ಬೇಸರ ಬರುತ್ತದೆ, ಮಕ್ಕಳಿಗೆ ಬರುವುದಿಲ್ಲ. ಹತ್ತನೇ ಸಲಕ್ಕೆ ಇಲಿ ಏನು ಹೇಳುತ್ತದೆಂದು ಅವಕ್ಕೆ ಗೊತ್ತು. ಇಪ್ಪತ್ತನೇ ಸಲಕ್ಕೆ ನಾನು ಒಂದು ಮಾತು ಬಿಟ್ಟರೆ “ತಾತಾ, ಬಿಟ್ಟಿ!” ಎಂದು ಹಿಡಿಯುತ್ತವೆ. ಬ್ಯಾಂಕಿನಲ್ಲೂ ಇಷ್ಟು ಕಟ್ಟುನಿಟ್ಟಿನ ಚೆಕಿಂಗ್ ಇರಲಿಲ್ಲ. ನಮ್ಮ ಕಾಲದಲ್ಲಿ ಪಂಜೆ ಮಂಗೇಶರಾಯರ, ರಾಜರತ್ನಂ ಅವರ ಪದ್ಯಗಳು ನಮಗೆ ಬಂದದ್ದೂ ಹೀಗೇ ಅಲ್ಲವೇ? ಅಕ್ಷರ ಕಲಿಯುವ ಮೊದಲೇ ಅವು ಕಿವಿಯಲ್ಲಿ ಕೂತಿದ್ದವು. ಆಮೇಲೆ ಪುಸ್ತಕದಲ್ಲಿ ಕಂಡಾಗ ಗುರುತಿನವರು ಸಿಕ್ಕ ಹಾಗಾಯಿತು.

ಆನೆಯ ಕಥೆ ಓದಿದ ದಿನ ಒಂದು ತಕರಾರು ಎದ್ದಿತು. “ಆನೆ ಕಾಡಿನಲ್ಲಿ ಇತ್ತು” ಎಂದು ಓದಿದೆ. ಮುಂದಿನ ಸಾಲಿನ ಹುಡುಗ ಎದ್ದು ನಿಂತ. “ಸುಳ್ಳು. ಆನೆ ಗುಡಿಯಾಗ ಇರ್ತೈತಿ.” ಹಂಪಿಯ ವಿರೂಪಾಕ್ಷ ಗುಡಿಯ ಲಕ್ಷ್ಮಿಯನ್ನು ನೋಡಿದ ಮಕ್ಕಳು ಅವು. ಬೆಳಿಗ್ಗೆ ಹೊಳೆಗೆ ಸ್ನಾನಕ್ಕೆ ಹೋಗುತ್ತದೆ, ಸೊಂಡಿಲಿನಿಂದ ತಲೆ ಮುಟ್ಟಿ ಆಶೀರ್ವಾದ ಮಾಡುತ್ತದೆ. ಅಂಥ ಆನೆ ಕಾಡಿನಲ್ಲಿ ಏನು ಮಾಡುತ್ತದೆ? ಕಾಡಿನಿಂದ ಬಂದು ಗುಡಿ ಸೇರಿತು ಎಂದು ರಾಜಿ ಮಾಡಿಸಬೇಕಾಯಿತು.

ಈಗ ಒಂದು ಲೆಕ್ಕ ಕೊಡುತ್ತೇನೆ. ಮನೆಯಲ್ಲಿ ಹೊಸ 50 ರೂಪಾಯಿಯ ನೋಟಿದ್ದರೆ ತೆಗೆಯಿರಿ. 2017ರಲ್ಲಿ ಬಂದ ಆ ನೋಟಿನ ಹಿಂಬದಿಯಲ್ಲಿ ನಮ್ಮ ಹಂಪಿಯ ಕಲ್ಲಿನ ರಥವಿದೆ. ಪಕ್ಕದಲ್ಲಿ ಹದಿನೈದು ಭಾಷೆಗಳಲ್ಲಿ ‘ಐವತ್ತು ರೂಪಾಯಿ’ ಎಂದು ಬರೆದಿದೆ. ಎಣಿಸಿ: ನಾಲ್ಕನೆಯದು ಕನ್ನಡ, ಹದಿನಾಲ್ಕನೆಯದು ತೆಲುಗು, ಕೊನೆಯದು ಉರ್ದು. ನಮ್ಮ ಅಂಗನವಾಡಿಯ ಚಾಪೆಯ ಮೇಲೆ ಈ ಮೂರೂ ಭಾಷೆಗಳು ಕೂತಿವೆ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಇಲ್ಲಿ ತೆಲುಗಿನ ಮನೆಗಳು ಹಿಂದಿನಿಂದಲೂ ಉಂಟು, ಉರ್ದುವಿನ ಮನೆಗಳೂ ಉಂಟು. ಚಾಪೆಯ ಮೇಲೆ ನಾಲ್ಕನೆಯದೂ ಒಂದಿತ್ತು. ಅದು ಲಂಬಾಣಿ. ಅದು ನೋಟಿನ ಮೇಲಿಲ್ಲ, ಅದಕ್ಕೆ ಅದರದೇ ಆದ ಲಿಪಿಯೂ ಇಲ್ಲ.

ಆ ಭಾಷೆಯ ಮಗು ಒಬ್ಬಳೇ. ನಾಲ್ಕು ವರ್ಷದವಳು. ಅಪ್ಪ ಅಮ್ಮ ಸಂಡೂರು ಕಡೆಯ ತಾಂಡಾದವರು, ಗಾರೆ ಕೆಲಸಕ್ಕೆ ಬಂದು ನಮ್ಮ ಓಣಿಯ ತುದಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. 2024ರ ಜೂನಿನಲ್ಲಿ ಅವಳನ್ನು ತಂದು ಸೇರಿಸಿದರು. ಗೋಡೆಗೆ ಒರಗಿ ಕೂರುತ್ತಿದ್ದಳು. ಊಟ ಮಾಡುತ್ತಿದ್ದಳು, ಆಡುತ್ತಿದ್ದಳು, ಮಾತಿಲ್ಲ. ಕರೆದರೆ ತಿರುಗುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಜುಲೈ ಕಳೆಯಿತು. “ಸಾರ್, ಒಂದು ಮಾತಾಡಿಲ್ಲ ನೋಡ್ರಿ ಇವಳು” ಎಂದು ಟೀಚರ್ ಚಿಂತೆಗೆ ಬಿದ್ದರು. ಮೂಗಿಯೇ ಇರಬೇಕೆಂದು ಆಯಮ್ಮ ತೀರ್ಮಾನಿಸಿದರು. ಅವಳಮ್ಮನನ್ನು ಕೇಳಿದರೆ, “ಮನ್ಯಾಗ ಬಾಯಿ ಮುಚ್ಚಂಗಿಲ್ರಿ” ಎಂದು ನಕ್ಕಳಂತೆ. ಲೆಡ್ಜರಿನ ಷರಾ ಕಾಲಮಿನಲ್ಲಿ ನಾನು ಅವಳಿಗೊಂದು ಸಾಲು ಮೀಸಲಿಟ್ಟೆ. ವಾರದಿಂದ ವಾರಕ್ಕೆ ಅಲ್ಲಿ ಬರೀ ಒಂದು ಅಡ್ಡಗೆರೆ.

ಆಗಸ್ಟ್‌ನಲ್ಲಿ ಊರಿಗೇ ಒಂದು ಕಥೆ ಬಂತು. 10ನೇ ತಾರೀಖು ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ತುಂಬಿದ ಜಲಾಶಯ. ಕಂಪ್ಲಿಯವರೆಗೂ ಹೊಳೆದಂಡೆಯ ಜನರಿಗೆ ಎಚ್ಚರಿಕೆ ಕೊಟ್ಟರು. ರೈತರಿಗೆ ಬೆಳೆಯ ಚಿಂತೆ. ಗೇಟುಗಳ ವಿಷಯದಲ್ಲಿ ಪಳಗಿದ, ಇಳಿವಯಸ್ಸಿನ ಇಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಸುಮಾರು ಒಂದು ವಾರದಲ್ಲಿ ಆ ಬಾಗಿಲನ್ನು ಮುಚ್ಚಿದರು. ಆ ವಾರ ಹೊಸಪೇಟೆಯ ಯಾವ ಹೋಟೆಲಿನಲ್ಲೂ ಬೇರೆ ಮಾತಿರಲಿಲ್ಲ. ಮಾತಿಗೇನು, ನಮ್ಮ ವಾಕಿಂಗ್ ಗುಂಪಿನಲ್ಲಿ ಎಲ್ಲರೂ ಗೇಟಿನ ಇಂಜಿನಿಯರುಗಳೇ ಆಗಿದ್ದರು.

ಅಂಗನವಾಡಿಯಲ್ಲೂ ಹೊಸ ಆಟ ಹುಟ್ಟಿತು. ಮಕ್ಕಳು ಕೈ ಕೈ ಹಿಡಿದು ಸಾಲಾಗಿ ನಿಲ್ಲುವುದು, ಅವರೇ ಗೇಟು. ನಡುವಿನ ಒಬ್ಬರು ಕೈಬಿಟ್ಟು ಕುಸಿದರೆ ಹಿಂದೆ ನಿಂತವರೆಲ್ಲ ‘ಭೋ’ ಎಂದು ನುಗ್ಗುವುದು. ಕುಸಿಯುವ ಗೇಟು ಯಾವಾಗಲೂ ಆ ಮಾತಿಲ್ಲದ ಹುಡುಗಿಯೇ. ಎಷ್ಟು ಚೆನ್ನಾಗಿ ಕುಸಿಯುತ್ತಿದ್ದಳೆಂದರೆ ಬೇರೆಯವರನ್ನು ಆ ಜಾಗಕ್ಕೆ ಯಾರೂ ಒಪ್ಪುತ್ತಿರಲಿಲ್ಲ.

“ತಾತಾ, ಗೇಟಿನ ಕಥೆ ಓದು” ಎಂದು ಹಟ ಹಿಡಿದವು. ಆ ಕಥೆ ಯಾವ ಅಂಗಡಿಯಲ್ಲೂ ಇರಲಿಲ್ಲ. ಕಾಲೇಜು ಹುಡುಗಿ ಮಕ್ಕಳಿಗೆ ಬಣ್ಣದ ಪೆನ್ಸಿಲ್, ಹಾಳೆ ಕೊಟ್ಟು ಬಿಡಿಸಲು ಹೇಳಿದಳು. ಹಾಳೆ ತುಂಬ ನೀಲಿ. ಕೆಲವು ಹಾಳೆಗಳಲ್ಲಿ ನೀಲಿ ಬಿಟ್ಟರೆ ಬೇರೇನೂ ಇಲ್ಲ. ಅವನ್ನೆಲ್ಲ ಜೋಡಿಸಿ, ಪುಟಕ್ಕೊಂದು ಸಾಲಿನಂತೆ ನಾನು ದಪ್ಪ ಅಕ್ಷರದಲ್ಲಿ ಬರೆದೆ. ಟೈಲರ್ ಹೊಲಿದ. ಸೆಪ್ಟೆಂಬರಿನ ಮೊದಲ ಶುಕ್ರವಾರ ಆ ಪುಸ್ತಕದ ಮೊದಲ ಓದು.

ಮೂರನೇ ಪುಟಕ್ಕೆ ಬಂದೆ. ಗೇಟು ಮುರಿಯುವ ಪುಟ. ಮಾಸ್ತರಮ್ಮ ಹೇಳಿದಂತೆ ಎರಡು ಉಸಿರು ನಿಂತು ಕೇಳಿದೆ, “ಗೇಟು ಮುರೀತು. ಏನು ಬಂತು?”

“ನೀರು!” ಎಂದಿತು ಚಾಪೆಯ ಅರ್ಧಭಾಗ.

“ನೀಳ್ಳು!” ಎಂದರು ತೆಲುಗಿನ ಮನೆಯ ಅವಳಿ ಹುಡುಗರು.

“ಪಾನಿ!” ಎಂದು ಕಿರುಚಿದ ಆಟೊ ಡ್ರೈವರನ ಮಗ. ಅವರ ಮನೆಯಲ್ಲಿ ಉರ್ದು.

ಗೋಡೆಯ ಕಡೆಯಿಂದ ಸಣ್ಣದೊಂದು ದನಿ ಬಂತು. “ಪಾಣಿ.”

ಎಲ್ಲರೂ ತಿರುಗಿದರು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಆಟೊ ಡ್ರೈವರನ ಮಗನನ್ನೇ ದಿಟ್ಟಿಸುತ್ತಿದ್ದಳು, ತಪ್ಪು ಬರೆದವನನ್ನು ಮಾಸ್ತರು ನೋಡುವ ಹಾಗೆ.

“ಪಾನಿ” ಎಂದ ಅವನು.

“ಪಾಣಿ” ಎಂದಳು ಅವಳು, ಣಕಾರವನ್ನು ಒತ್ತಿ.

“ಪಾನಿ!”

“ಪಾಣಿ!”

ಹೀಗೆ ಎಷ್ಟು ಸಲ ನಡೆಯಿತೋ ಲೆಕ್ಕವಿಲ್ಲ. ಲೆಡ್ಜರಿನಲ್ಲಿ ಅದೊಂದೇ ಅಂಕಿ ತಪ್ಪಿಹೋಗಿದೆ. ಆಯಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಟೀಚರ್ ರಿಜಿಸ್ಟರ್ ಮುಚ್ಚಿಟ್ಟರು. ಆ ದಿನ ನಾವು ನಾಲ್ಕನೇ ಪುಟಕ್ಕೆ ಹೋಗಲೇ ಇಲ್ಲ.

ಅಲ್ಲಿಂದ ಮುಂದೆ ಪ್ರತಿ ಪುಟದಲ್ಲೂ ಅವಳಿಗೊಂದು ಮಾತು. ಅಮ್ಮನ ಚಿತ್ರ ಬಂದರೆ “ಯಾಡಿ” ಎನ್ನುವಳು, ನಾವೆಲ್ಲ “ಯಾಡಿ” ಎನ್ನಬೇಕು. ನಾವು “ಅಮ್ಮ” ಎಂದರೆ ಅವಳು “ಅಮ್ಮ” ಎನ್ನುವಳು. ಕೊಡುವುದು, ಕೊಳ್ಳುವುದು ಸಮವಾಗಿ ನಡೆಯಿತು. ದಸರೆಯ ಹೊತ್ತಿಗೆ ಇಲಿಯ ಪುಸ್ತಕವನ್ನು ಕೆನ್ನೆಯ ಪಕ್ಕ ಹಿಡಿದು, ಅಕ್ಷರ ಒಂದೂ ಬಾರದೆ, ಇಡೀ ಕಥೆಯನ್ನು ಅರ್ಧ ಕನ್ನಡ ಅರ್ಧ ಲಂಬಾಣಿಯಲ್ಲಿ ‘ಓದಿ’ ಮುಗಿಸಿದಳು. ಪುಟ ತಿರುವುವ ಮುಂಚೆ ಎರಡು ಉಸಿರು ನಿಲ್ಲುವುದನ್ನೂ ಬಿಟ್ಟಿರಲಿಲ್ಲ. ಒಂದು ಮಂಗಳವಾರ ಅವಳ ಅಜ್ಜಿ ತಾಂಡಾದಿಂದ ಬಂದು, ಅಂಗನವಾಡಿಯ ಬಾಗಿಲಲ್ಲಿ ಕೂತಳು. ಓದು ಬಾರದು. ಗೇಟಿನ ಪುಸ್ತಕದ ಚಿತ್ರಗಳನ್ನು ತೋರಿಸಿದೆವು. ಅವನ್ನೇ ನೋಡುತ್ತಾ ಲಂಬಾಣಿಯಲ್ಲಿ ಏನೋ ಉದ್ದವಾದ ಕಥೆ ಹೇಳಿದಳು. ಮೊಮ್ಮಗಳೊಬ್ಬಳಿಗೇ ಪೂರ್ತಿ ಅರ್ಥವಾದದ್ದು; ಉಳಿದ ಇಪ್ಪತ್ತೊಂದು ಮಕ್ಕಳು ಅವಳು ನಕ್ಕಾಗ ನಕ್ಕವು. ನನ್ನ ಓದಿಗೆ ಅಷ್ಟು ಹೊತ್ತು ಯಾರೂ ಅಲುಗಾಡದೆ ಕೂತದ್ದಿಲ್ಲ.

ದೀಪಾವಳಿ ಮುಗಿದ ವಾರ ಅವರು ಗುಳೆ ಹೋದರು. ಕಬ್ಬು ಕಡಿಯುವ ಕೆಲಸ, ಮಂಡ್ಯದ ಕಡೆ. ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡಾಗಿತ್ತು. ಅಜ್ಜಿಯ ಹತ್ತಿರ ಬಿಟ್ಟುಹೋಗಿ ಎಂದು ಟೀಚರ್ ಕೇಳಿಕೊಂಡರು. ಅಜ್ಜಿಯೂ ಗ್ಯಾಂಗಿಗೆ ಅಡುಗೆ ಮಾಡಲು ಹೊರಟಿದ್ದಳು. ಯಾರನ್ನು ಏನೆಂದು ದೂರುವುದು? ಕಬ್ಬಿನ ಗದ್ದೆಯ ಬದುವಿನಲ್ಲಿ ಅಂಗನವಾಡಿ ಇರುವುದಿಲ್ಲ. ಹಳ್ಳಿಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ ‘ಓದುವ ಬೆಳಕು’ ಎಂಬ ಒಳ್ಳೆಯ ಕಾರ್ಯಕ್ರಮವಿದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಆದರೆ ಅದು 6 ರಿಂದ 18 ವರ್ಷದವರಿಗೆ. ಇವಳಿಗೆ ನಾಲ್ಕು.

ಹೊರಡುವ ದಿನ ಇಲಿಯ ಪುಸ್ತಕವನ್ನು ಅವಳ ಚೀಲಕ್ಕೆ ಹಾಕಿದೆ. ಲೆಡ್ಜರಿನಲ್ಲಿ ‘ಮುಂಗಡ’ ಎಂದು ಬರೆದುಕೊಂಡೆ. ಕೆಲಸ ಮುಗಿಸಿ ಯುಗಾದಿಗೆ ಬರುತ್ತಾರೆ ಎಂದು ಅವಳಪ್ಪ ಹೇಳಿದ್ದಾನೆ. ಯುಗಾದಿಗೆ ಇನ್ನೂ ಆರು ವಾರವಿದೆ. ಬಾಡಿಗೆ ಕೋಣೆಯಲ್ಲಿ ಈಗ ಬೇರೆಯವರಿದ್ದಾರೆ, ಆದ್ದರಿಂದ ಬಂದರೂ ನಮ್ಮ ಓಣಿಗೇ ಬರುತ್ತಾರೋ, ತಾಂಡಾಕ್ಕೆ ಹೋಗುತ್ತಾರೋ ತಿಳಿಯದು. ತಾಂಡಾದ ಅಂಗನವಾಡಿಯ ಟೀಚರಿಗೆ ನಮ್ಮ ಟೀಚರ್ ಫೋನ್ ಮಾಡಿ ಹೇಳಿಟ್ಟಿದ್ದಾರೆ. ಸಂಡೂರಿನ ಬಸ್ಸು ಎಷ್ಟು ಹೊತ್ತಿಗೆ ಇದೆ ಎಂದು ನಾನೂ ವಿಚಾರಿಸಿಟ್ಟುಕೊಂಡಿದ್ದೇನೆ.

ಮೊನ್ನೆ ಶುಕ್ರವಾರ ಮಕ್ಕಳು ಮತ್ತೆ ಗೇಟಿನ ಪುಸ್ತಕವನ್ನೇ ಕೇಳಿದವು. ಹದಿನೇಳನೆಯ ಸಲ. ಮೂರನೇ ಪುಟದಲ್ಲಿ ನಿಂತು, ಏನು ಬಂತು ಎಂದು ಕೇಳಿದೆ. ನೀರು ಬಂತು, ನೀಳ್ಳು ಬಂತು. ಆಟೊ ಡ್ರೈವರನ ಮಗ ಒಂದು ಕ್ಷಣ ಗೋಡೆಯ ಕಡೆ ನೋಡಿ, ಆಮೇಲೆ ನಾಲಿಗೆ ಮಡಚಿ ಗಟ್ಟಿಯಾಗಿ ಹೇಳಿದ:

“ಪಾಣಿ.”

ಷರಾ ಕಾಲಮಿನಲ್ಲಿ ಅದನ್ನು ಅವಳ ಸಾಲಿಗೇ ಬರೆದಿದ್ದೇನೆ.